ಕಾಸರಗೋಡಿನ ರಸ್ತೆಗೆ ಹೊಸ ರೋಡ್ ಸೈಕಲ್ ಬೇಕಾ? ತೀರ್ಮಾನ ಮಾಡುವುದು ಹೀಗೆ

ಬಾಗಿದ ಹ್ಯಾಂಡಲ್, ತೆಳು ಟೈರಿನ ರೋಡ್ ಸೈಕಲ್ ಮೇಲೆ ಮನಸ್ಸಾಯಿತು ಅಂದರೆ ನಾವು ಮೊದಲು ನೋಡುವುದು ಯೂಟ್ಯೂಬ್. ಅಲ್ಲಿ ಓಡಿಸುವವರ ರಸ್ತೆಯೇ ಬೇರೆ. ನಮ್ಮ ಜಿಲ್ಲೆಯೊಳಗೇ ಕಡಲ ಬದಿಯ ಕುಂಬಳೆಯವರಿಗೆ ಸರಿಹೋದ ಸೈಕಲ್ ಏರುತಗ್ಗಿನ ಮುಳ್ಳೇರಿಯದವರಿಗೆ ಸರಿಹೋಗುವುದಿಲ್ಲ. ಹಾಗಾಗಿ ಬ್ರಾಂಡ್ ವಿಷಯ ಆಮೇಲೆ ನೋಡೋಣ. ನಿಮ್ಮ ಮನೆಯಿಂದ ಟಾರ್ ರಸ್ತೆಗೆ ಬರುವ ದಾರಿ ಹೇಗಿದೆ, ಅಲ್ಲಿಂದ ನೀವು ದಿನಾ ಯಾವ ಕಡೆ ಹೋಗುತ್ತೀರಿ, ಇದನ್ನು ಮೊದಲು ಯೋಚಿಸಿ.

ಅದಕ್ಕೂ ಮೊದಲು, ಈಗ ಇರುವ ಸೈಕಲ್ ಮೇಲೆ ನಿಮ್ಮ ದೂರು ಏನು? 'ಹಳೆಯದಾಯಿತು' ಅನ್ನುವುದು ದೂರಲ್ಲ. ಭಾರವಾಗಿ ಓಡುತ್ತದೆ ಅಂದರೆ ಹೆಚ್ಚಿನ ಸಲ ಕಾರಣ ಟೈರ್, ಇಲ್ಲವೇ ತುಕ್ಕು ಹಿಡಿದ ಚೈನ್. ಎಂಟಿಬಿಯ (ಗುಡ್ಡಗಾಡಿನ ಸೈಕಲ್ಲಿನ) ಮುಳ್ಳುಮುಳ್ಳು ಟೈರ್ ತೆಗೆದು ನಯವಾದ ಟೈರ್ ಹಾಕಿ ನೋಡಿ, ಹೊಸ ಸೈಕಲ್ಲಿನ ಆಸೆ ಅರ್ಧ ಇಳಿಯುತ್ತದೆ. ಚೈನ್ ಸವೆದಿದೆಯಾ ಅಂತ ನೋಡಲು ಒಂದು ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆ ಅಂತ ಹಿಡಿದು ಎಣಿಸಿದರೆ 24ನೇ ಪಿನ್ನಿಗೆ ಸರಿಯಾಗಿ 12 ಇಂಚು ಇರುತ್ತದೆ. ಅದು ಒಂದು ಇಂಚಿನ ಹದಿನಾರನೇ ಒಂದು ಪಾಲು ಜಾಸ್ತಿ ಬಂದರೆ ಚೈನ್ ಬದಲಿಸಿ. ಎಂಟನೇ ಒಂದು ಪಾಲು ಬಂದರೆ ಹಿಂದಿನ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗುಂಪು) ಹೋಗಿರುತ್ತದೆ. ಬೆನ್ನು, ಕುತ್ತಿಗೆ ನೋವು ಅಂತಾದರೆ ಸೀಟಿನ ಎತ್ತರ ಮೊದಲು ಸರಿಮಾಡಿ. ಏಕೆಂದರೆ ರೋಡ್ ಸೈಕಲ್ಲಿನಲ್ಲಿ ಬೆನ್ನು ಇನ್ನೂ ಜಾಸ್ತಿ ಬಾಗುತ್ತದೆ, ಕಡಿಮೆಯಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ದೂರ ಹೋಗಬೇಕು, ಜೊತೆಯವರ ಸಮಕ್ಕೆ ಓಡಿಸಬೇಕು ಅನ್ನಿಸಿದರೆ ಮುಂದೆ ಓದಿ.

ರಸ್ತೆಯ ವಿಷಯಕ್ಕೆ ಬರೋಣ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಅಂತ ಕಾಞಂಗಾಡಿಗೆ ಹೋಗುವ ದಾರಿ ಹೆಚ್ಚುಕಡಿಮೆ ಸಮತಟ್ಟು, ಯಾವ ರೋಡ್ ಸೈಕಲ್ಲಾದರೂ ಅಲ್ಲಿ ಓಡುತ್ತದೆ. ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ ಆಗಿದೆ, ನೋಡಲು ಚೆಂದ. ಆದರೆ ಆ ವೇಗದ ವಾಹನಗಳ ನಡುವೆ ಸೈಕಲ್ ಬೇಡವೇ ಬೇಡ, ಸರ್ವಿಸ್ ರಸ್ತೆಯೇ ನಮಗೆ ಗತಿ. ಸರ್ವಿಸ್ ರಸ್ತೆ ಅಂದರೆ ಎದುರಿನಿಂದ ಬರುವ ಸ್ಕೂಟರ್, ಚರಂಡಿಯ ಚಪ್ಪಡಿಗಳ ನಡುವಿನ ಸಂದು, ಜಲ್ಲಿ ಹುಡಿ. ಇನ್ನು ಚೆರ್ಕಳದಿಂದ ಬದಿಯಡ್ಕ, ಪೆರ್ಲ ಕಡೆಗೋ ಮುಳ್ಳೇರಿಯ, ಆದೂರು ಕಡೆಗೋ ತಿರುಗಿದರೆ ಏರು, ಇಳಿತ, ಮತ್ತೆ ಏರು. ಮುಖ್ಯ ರಸ್ತೆ ಬಿಟ್ಟು ತೋಟದ ಮನೆಗಳಿಗೆ ಇಳಿಯುವ ಪಂಚಾಯತ್ ಕಾಂಕ್ರೀಟ್ ರಸ್ತೆಗಳ ಕಡಿದಾದ ಏರಂತೂ ಕೇಳುವುದೇ ಬೇಡ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಅವುಗಳ ಮೇಲೆ ಪಾಚಿ ಬೇರೆ.

ಇದಕ್ಕೆಲ್ಲ ಮೊದಲ ಉತ್ತರ ಟೈರ್. 25 ಎಂಎಂ ಟೈರ್ ನಮ್ಮ ರಸ್ತೆಗೆ ಸಾಲದು. 28 ನಡೆಯುತ್ತದೆ, 32 ಇದ್ದರೆ ನೆಮ್ಮದಿ. ಅಂಗಡಿಯಲ್ಲಿ ಕೇಳಬೇಕಾದ್ದು ಈಗ ಯಾವ ಟೈರ್ ಇದೆ ಅಂತಲ್ಲ, ಈ ಫ್ರೇಮ್ ಮತ್ತು ಫೋರ್ಕಿಗೆ (ಮುಂದಿನ ಚಕ್ರ ಹಿಡಿದಿರುವ ಕವಲು) ಎಷ್ಟು ದಪ್ಪದ ಟೈರ್ ಹಿಡಿಯುತ್ತದೆ ಅಂತ. ಟೈರ್ ಯಾವಾಗ ಬೇಕಾದರೂ ಬದಲಿಸಬಹುದು, ಫ್ರೇಮ್ ಬದಲಿಸಲು ಆಗುವುದಿಲ್ಲ ಅಲ್ವಾ. 32 ಹಿಡಿಯದ ಸೈಕಲ್ ಹೆದ್ದಾರಿಯಿಂದ ಪೂರ್ವಕ್ಕೆ ಇರುವವರಿಗೆ ಬೇಡ ಅಂತಲೇ ನನ್ನ ಮಾತು, ಎಷ್ಟೇ ರಿಯಾಯಿತಿ ಕೊಡಲಿ.

ಎರಡನೆಯದು ಗೇರ್. ಹೆಚ್ಚಿನವರು ಎಡವುವುದು ಇಲ್ಲೇ, ಯಾಕೆಂದರೆ ಅಂಗಡಿಯಲ್ಲಿ '16 ಗೇರ್', '18 ಗೇರ್' ಅಂತ ಎಣಿಕೆ ಹೇಳುತ್ತಾರೆ. ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಗೇರ್, ಬ್ರೇಕ್ ಮಾಡುವ ಶಿಮಾನೊ ಕಂಪೆನಿಯ ಕ್ಲಾರಿಸ್‌ನಲ್ಲಿ ಹಿಂದೆ 8 ಹಲ್ಲುಚಕ್ರ, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಅಷ್ಟೇ. ನೀವು ನೋಡಬೇಕಾದ್ದು ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಅಂತ. ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಆ ಏರಿನಲ್ಲಿ ಗಂಟೆಗೆ 9 ಕಿಲೋಮೀಟರ್ ವೇಗ ಇಟ್ಟುಕೊಳ್ಳಲೇಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಸುತ್ತು ನಿಧಾನವಾಗುತ್ತದೆ, ಎಲ್ಲ ಭಾರ ಮೊಣಕಾಲಿಗೆ ಬೀಳುತ್ತದೆ, ಕೊನೆಗೆ ಇಳಿದು ತಳ್ಳುವುದೇ. ಹಿಂದೆಯೂ 34 ಇದ್ದರೆ ಅದೇ 60 ಸುತ್ತಿಗೆ ಏಳೂವರೆ ಕಿಲೋಮೀಟರ್ ವೇಗ ಸಾಕು. ಕೇಳಲು ಸಣ್ಣ ವ್ಯತ್ಯಾಸ, ಆದರೆ ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ ಕೂತು ಹತ್ತುವುದಾ ಇಳಿದು ನಡೆಯುವುದಾ ಅಂತ ತೀರ್ಮಾನ ಆಗುವುದು ಇದರಲ್ಲೇ. 28ರ ಕ್ಯಾಸೆಟ್ ಇರುವ ಸೈಕಲ್ ಇಷ್ಟವಾದರೆ ಕೊಳ್ಳುವ ಮೊದಲೇ ದೊಡ್ಡ ಕ್ಯಾಸೆಟ್ ಹಾಕಿಸಿಕೊಡುತ್ತೀರಾ ಅಂತ ಕೇಳಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್ ಗಿಡ್ಡದಾಗಿದ್ದರೆ ದೊಡ್ಡದು ಹಿಡಿಯುವುದಿಲ್ಲ, ಅದನ್ನೂ ಅವರಿಂದಲೇ ಖಚಿತ ಮಾಡಿಕೊಳ್ಳಿ.

ತೂಕದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಅಂತಿಟ್ಟುಕೊಳ್ಳಿ. ಸೈಕಲ್ಲಿನಲ್ಲಿ ಒಂದು ಕಿಲೋ ಉಳಿಸಿದರೆ ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಇಪ್ಪತ್ತು ಸೆಕೆಂಡಿನ ಆಸುಪಾಸು. ಆ ಒಂದು ಕಿಲೋಗೆ ಕಾರ್ಬನ್ ಅಂತ ಲಕ್ಷ ದಾಟಿಸುವುದು ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಮಾತ್ರ ಹೊಳೆಯುವ ಯೋಚನೆ.

ಬ್ರೇಕ್ ಮಾತ್ರ ಯೋಚಿಸಿ ತೆಗೆದುಕೊಳ್ಳಿ. ರಿಮ್ ಬ್ರೇಕ್ ಅಗ್ಗ, ಸರಳ. ಆದರೆ ಮಳೆಯಲ್ಲಿ ನಮ್ಮ ಕೆಂಪು ಮಣ್ಣಿನ ಕೆಸರು ರಿಮ್ಮಿಗೆ ಹಿಡಿದು ಪ್ಯಾಡನ್ನೂ ರಿಮ್ಮನ್ನೂ ತಿನ್ನುತ್ತದೆ, ಒದ್ದೆ ರಿಮ್ ಬೇಗ ಹಿಡಿಯುವುದೂ ಇಲ್ಲ. ಇಲ್ಲಿಗೆ ಡಿಸ್ಕ್ ಬ್ರೇಕ್ ಒಳ್ಳೆಯದು, ಅದರಲ್ಲೂ ಕೇಬಲ್ಲಿನಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕ್. ಕೇಬಲ್ ಬದಲಿಸಲು ಊರಿನ ಸೈಕಲ್ ಅಂಗಡಿಯವರಿಗೂ ಬರುತ್ತದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಆದರೆ ಹಿಡಿತ ಚೆನ್ನಾಗಿರುತ್ತದೆ, ಎಣ್ಣೆ ಬದಲಿಸಲು ತಿಳಿದವರೇ ಬೇಕು. ಶಿಮಾನೊಗೆ ಮಿನರಲ್ ಆಯಿಲ್. ಮೋಟಾರ್ ಬೈಕಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲೆಲ್ಲ ಹಾಳು.

ಅಳತೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಒಂದು ಪುಸ್ತಕವನ್ನು ಕಾಲುಗಳ ನಡುವೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. ಅದನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಸೈಜ್ ಸಿಗುತ್ತದೆ: 80 ಬಂದರೆ 54ರ ಹತ್ತಿರ. ಇದು ಅಂದಾಜು ಮಾತ್ರ, ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸ ಇದೆ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಚಿಕ್ಕದು ತೆಗೆದುಕೊಳ್ಳಿ, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಉದ್ದದ್ದು ಹಾಕಿಸಬಹುದು. 'ನಿಮ್ಮ ಸೈಜ್ ಸ್ಟಾಕಿಲ್ಲ, ಇದೂ ನಡೆಯುತ್ತದೆ' ಅಂದರೆ ಸುಮ್ನೆ ಎದ್ದು ಬನ್ನಿ.

ಎಲ್ಲಿ ಕೊಳ್ಳುವುದು? ಮಂಗಳೂರಿಗೆ ಹೋಗಿ ತಂದರೆ ತೆರಿಗೆ ಕಡಿಮೆಯಾ ಅಂತ ಈಗಲೂ ಕೇಳುವವರಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತಲಪಾಡಿಯ ಆಚೆಗೂ ಈಚೆಗೂ ಒಂದೇ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ. ಹಳೆಯ ಬೆಲೆಯ ಚೀಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲು ನೋಡಿ. ಹಾಗಾಗಿ ಅಂಗಡಿ ಆರಿಸುವಾಗ ತೆರಿಗೆ ಮರೆತುಬಿಡಿ. ಓಡಿಸಿ ನೋಡಲು ಬಿಡುತ್ತಾರಾ, ಆಮೇಲೆ ಸರ್ವಿಸ್ ಮಾಡಿಕೊಡುತ್ತಾರಾ ಅನ್ನುವುದು ಮುಖ್ಯ. ಗಲ್ಫಿನಿಂದ ಬರುವವರ ಕೈಯಲ್ಲಿ ತರಿಸುವುದೂ ನಮ್ಮಲ್ಲಿ ಹೊಸದಲ್ಲ. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ನಡೆಯುತ್ತದಾ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ, ಅದರಲ್ಲೂ ಕಡಲ ಬದಿಯ ಮನೆಯಲ್ಲಿ ನಿಂತಿದ್ದ ಸೈಕಲ್ ಆದರೆ, ಸೀಟ್‌ಪೋಸ್ಟ್ (ಸೀಟು ಕೂರುವ ಕೊಳವೆ) ಮೇಲೆ ಕೆಳಗೆ ಜಾರುತ್ತದಾ ಅಂತ ನಿಮ್ಮ ಎದುರೇ ಮಾಡಿಸಿ ನೋಡಿ. ಉಪ್ಪುಗಾಳಿಗೆ ಅದು ಫ್ರೇಮಿನೊಳಗೆ ಕಚ್ಚಿಕೊಂಡರೆ ತೆಗೆಯುವುದು ದೊಡ್ಡ ಕೆಲಸ. ಬೋಲ್ಟ್‌ಗಳ ತಲೆಗೆ ತುಕ್ಕು, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ವೆಲ್ಡಿಂಗ್ ಹತ್ತಿರ ಬಿರುಕು, ರಿಮ್ಮಿನ ಬದಿ ಒಳಕ್ಕೆ ಸವೆದು ಕುಳಿಯಾಗಿರುವುದು, ಇವನ್ನೂ ನೋಡಿ.

ದುಡ್ಡಿನ ಲೆಕ್ಕ ಹಾಕುವಾಗ ಸೈಕಲ್ಲಿನ ಬೆಲೆ ಒಂದನ್ನೇ ಬರೆದುಕೊಳ್ಳಬೇಡಿ. ಹೆಲ್ಮೆಟ್, ಮುಂದೆ ಹಿಂದೆ ಲೈಟ್, ಎರಡು ಟ್ಯೂಬ್, ಟೈರ್ ಲಿವರ್, ಪಂಪ್ ಇಲ್ಲದೆ ಮನೆಯಿಂದ ಹೊರಡುವ ಹಾಗಿಲ್ಲ. ದುಬಾರಿ ಸೈಕಲ್ಲುಗಳಿಗೆ ಕೆಲವು ಸಲ ಪೆಡಲ್ಲೇ ಇರುವುದಿಲ್ಲ! ರೋಡ್ ಸೈಕಲ್ಲಿನಲ್ಲಿ ಹೆಚ್ಚಾಗಿ ಬರುವುದು ಪ್ರೆಸ್ಟಾ ವಾಲ್ವ್, ಊರಿನ ಪಂಕ್ಚರ್ ಅಂಗಡಿಯ ಪೈಪ್ ಅದಕ್ಕೆ ಕೂರುವುದಿಲ್ಲ. ಅದಕ್ಕೊಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಬ್ಯಾಗಿನಲ್ಲಿ ಹಾಕಿಡಿ. ಕಂಪ್ರೆಸರಿನಲ್ಲಿ ಗಾಳಿ ಹಾಕಿಸುವಾಗ ಟೈರಿನ ಬದಿಯಲ್ಲಿ ಬರೆದಿರುವ ಮಿತಿ ಮೀರದ ಹಾಗೆ ಹತ್ತಿರವೇ ನಿಂತು ನೋಡಿಕೊಳ್ಳಿ.

ಕೊಳ್ಳುವುದೇ ಅಂತಾದರೆ ಮೇ ತಿಂಗಳಲ್ಲಿ ಬೇಡ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದು ಜಗಲಿಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ, ವಾರಂಟಿಯೂ ಫ್ರೀ ಸರ್ವಿಸೂ ಹಾಗೆಯೇ ಮುಗಿಯುತ್ತವೆ. ಮಳೆಗಾಲ ಮುಗಿದ ಮೇಲೆ ತೆಗೆದುಕೊಳ್ಳಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಹೆಚ್ಚಾಗಿ ಸಂಜೆಗೆ, ಬೆಳಿಗ್ಗೆ ಓಡಿಸಲು ಅಡ್ಡಿಯಿಲ್ಲ. ಮೊದಲ ಕೆಲವು ವಾರಗಳಲ್ಲಿ ಹೊಸ ಕೇಬಲ್ ಸ್ವಲ್ಪ ಸಡಿಲವಾಗಿ ಗೇರ್ ತಪ್ಪಿ ಬೀಳುತ್ತದೆ, ಅದಕ್ಕೆ ಗಾಬರಿ ಬೇಡ. ಫ್ರೀ ಸರ್ವಿಸಿಗೆ ಕೊಡುವಾಗ ಗೇರಿನ ಜೊತೆ ಚಕ್ರದ ಕಡ್ಡಿಗಳ ಬಿಗಿಯನ್ನೂ ನೋಡಿಸಿ.