ವಿನಿಗರ್ ವಾಸನೆ ಹಿಡಿದ ರೀಲುಗಳಿಂದ ತಾತನ ಹೆರಾಲ್ಡ್ ಶೋರೂಮ್ ಹೊರಬಂದ ಬಗೆ: ನನ್ನ ಅನುಭವ

ಕುಗ್ಗಿ, ಮುದುಡಿ, ವಿನಿಗರ್ ವಾಸನೆ (ಅಸಿಟೇಟ್ ಫಿಲಂ ಕೆಟ್ಟಾಗ ಬರುವ ವಾಸನೆ) ಹೊಡೆಯುವ 8 ಎಂಎಂ ಸಿನಿಮಾ ರೀಲನ್ನು ಸ್ಕ್ಯಾನ್ ಮಾಡೋಕಾಗಲ್ಲ, ಎಸೆದುಬಿಡಿ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಒಂದು ಲ್ಯಾಬ್ ಡಬ್ಬಿ ತೆರೆದು ಮೂಗು ಮುಚ್ಚಿಕೊಂಡು ವಾಪಸ್ ಕೊಟ್ಟಿತು. ಈಗ ಆ ರೀಲುಗಳಲ್ಲಿ ಎರಡನ್ನು ಬಿಟ್ಟು ಎಲ್ಲವೂ ನನ್ನ ಹಾರ್ಡ್ ಡಿಸ್ಕಿನಲ್ಲಿವೆ, ಫ್ರೇಮ್ ಫ್ರೇಮ್ ಆಗಿ. ಕೋಡಕ್ಕಿನ ಬಣ್ಣದ ಫಿಲಂ ಕೋಡಾಕ್ರೋಮಿನ ಕೆಂಪು ಹಾಗೇ ಇದೆ. ಇದೇ ಕೆಲಸ ಮಾಡುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹೊಸಬರಿಗೆ ಒಂದೇ ಮಾತು: ಗೇಟ್ ಅಂದರೆ ಫಿಲಂ ಬೆಳಕಿನ ಮುಂದೆ ಹಾದುಹೋಗುವ ಚೌಕಟ್ಟು.

ಅರವತ್ತರ ದಶಕದಲ್ಲಿ ನಮ್ಮ ತಾತ ಮೈಸೂರಿನಲ್ಲಿ ಸ್ಟ್ಯಾಂಡರ್ಡ್ ಕಾರುಗಳ ಡೀಲರ್ ಆಗಿದ್ದರು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಅದಕ್ಕೂ ಮುಂಚೆ ಸ್ಟ್ಯಾಂಡರ್ಡ್ ಟೆನ್. ಫಿಯೆಟ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ತಾತನ ಹತ್ತಿರ ಒಂದು ಕೀಲಿ ಕೊಡುವ 8 ಎಂಎಂ ಕ್ಯಾಮೆರಾ ಇತ್ತು. ಮದುವೆ, ನಾಮಕರಣಕ್ಕಿಂತ ಜಾಸ್ತಿ ಅದರಲ್ಲಿ ತೆಗೆದದ್ದು ಶೋರೂಮನ್ನೇ. ಎಪ್ಪತ್ತರ ದಶಕದಲ್ಲಿ ಡೀಲರ್‌ಶಿಪ್ ಮುಚ್ಚಿತು, ಕಟ್ಟಡ ಕೈ ಬದಲಾಯಿತು. ರೀಲುಗಳ ಟ್ರಂಕು ಮಾತ್ರ ಹಳೆಯ ಗ್ಯಾಸ್ಕೆಟ್, ಹೆಡ್‌ಲೈಟ್ ರಿಂಗುಗಳ ಜೊತೆ ಗೋಡೌನಿನಲ್ಲಿ ಉಳಿದುಕೊಂಡಿತು. ಇಪ್ಪತ್ತೈದು ರೀಲು ಇರಬಹುದು, ಹೆಚ್ಚಿನವು 50 ಅಡಿಯವು.

ಇವುಗಳ ಮೇಲೆ ಮನೆಯವರಿಗೆ ನಂಬಿಕೆ ಹೋಗಲು ಕಾರಣ ಒಂದು ವಿಎಚ್‌ಎಸ್ ಕ್ಯಾಸೆಟ್ಟು. ತೊಂಬತ್ತರ ಸುಮಾರಿಗೆ ಯಾರೋ ಮದುವೆ ವಿಡಿಯೊದವರಿಂದ ಐದಾರು ರೀಲು ಗೋಡೆಗೆ ಬಿಟ್ಟು ಶೂಟ್ ಮಾಡಿಸಿದ್ದರು. ಕತ್ತಲೆ ಕತ್ತಲೆ ಚಿತ್ರ, ಮಿಣಮಿಣ ಬೆಳಕು. ಸೆಕೆಂಡಿಗೆ 16 ಫ್ರೇಮಿನಲ್ಲಿ ತೆಗೆದದ್ದು ಬೇಗ ಓಡಿ, ತಾತ ಶೋರೂಮಿನಲ್ಲಿ ದಡಬಡ ಓಡಾಡುವ ಹಾಗೆ ಕಾಣುತ್ತಿತ್ತು. "ಇಷ್ಟೇ ಕಣೋ ಅದರಲ್ಲಿರೋದು, ಸುಮ್ನೆ ಯಾಕೆ ದುಡ್ಡು ಸುಡ್ತೀಯ" ಅಂದರು ದೊಡ್ಡಪ್ಪ. ನನಗೆ ಹಾಗನ್ನಿಸಲಿಲ್ಲ. ಒಂದು ರೀಲಿನ ತುದಿಯನ್ನು ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಬೆಳಕಿಗೆ ಹಿಡಿದಾಗ ಹೆರಾಲ್ಡಿನ ಬಂಪರ್ ಮೇಲೆ ತೂಗಿದ ಮಾವಿನೆಲೆ ಒಂದೊಂದೂ ಕಾಣುತ್ತಿತ್ತು. ಫಿಲಂ ಚೆನ್ನಾಗಿತ್ತು, ಕೆಟ್ಟದ್ದು ಕ್ಯಾಸೆಟ್ಟು.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲೇ.

ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಮೇಲೆ ಫಿಲಂ ತುಂಡು ತುಂಡಾಗಿ ಮಲಗಿಸಿ 4800 ಡಿಪಿಐಯಲ್ಲಿ ತೆಗೆಯುವುದು ಒಂದು ದಾರಿ. ಕಾಗದದ ಮೇಲೆ ಚೆನ್ನಾಗಿದೆ. 8 ಎಂಎಂನಲ್ಲಿ ಚಿತ್ರದ ಅಳತೆ ಹೆಚ್ಚು ಕಡಿಮೆ 4.5 ಗುಣಿಸು 3.3 ಮಿಲಿಮೀಟರ್ ಅಷ್ಟೇ, ಸ್ಕ್ಯಾನರ್ ಹೇಳಿಕೊಳ್ಳುವ ಡಿಪಿಐ ನಿಜವಾಗಿ ಸಿಗುವುದಿಲ್ಲ. ಮುದುಡಿದ ಫಿಲಂ ಗಾಜಿಗೆ ಅಂಟುವುದಿಲ್ಲ, ಅಂಟಿದ ಕಡೆ ಕಾಮನಬಿಲ್ಲಿನ ಉಂಗುರಗಳು. ಸ್ಕ್ಯಾನರಿಗೆ ಕೊಟ್ಟ ಏಳೆಂಟು ಸಾವಿರದಲ್ಲಿ ಅರ್ಧ ಮಾತ್ರ ವಾಪಸ್ ಬಂತು.

ಆಮೇಲೆ ಎಲ್ಲರೂ ಮಾಡುವ ಕೆಲಸ, ಅಂದರೆ ಹಳೆಯ ಪ್ರೊಜೆಕ್ಟರಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿ, ಮೋಟಾರ್ ನಿಧಾನ ಮಾಡಿ, ಶಟರ್ ಶಾಫ್ಟಿಗೆ ಮ್ಯಾಗ್ನೆಟ್ ಅಂಟಿಸಿ, ಅದರ ಸನ್ನೆಗೆ ಕ್ಯಾಮೆರಾದಲ್ಲಿ ಫ್ರೇಮಿಗೊಂದು ಕ್ಲಿಕ್. ಪ್ರೊಜೆಕ್ಟರ್ ಅವೆನ್ಯೂ ರಸ್ತೆಯ ಭಾನುವಾರದ ಸಂತೆಯಲ್ಲಿ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು, ಉಳಿದದ್ದೆಲ್ಲ ಎಸ್.ಪಿ. ರಸ್ತೆಯಲ್ಲಿ. ಇದನ್ನು ನಮ್ಮ ರೀಲಿನ ಮೇಲೆ ಪರೀಕ್ಷೆ ಮಾಡಲಿಲ್ಲ, ಅದೇ ಸಂತೆಯಲ್ಲಿ ತಂದ ಗುಜರಿ ಕಾರ್ಟೂನ್ ರೀಲಿನ ಮೇಲೆ ಮಾಡಿದೆ. ನೀವೂ ಹಾಗೇ ಮಾಡಿ. ಚೆನ್ನಾಗಿದ್ದ ರೀಲುಗಳು ಇದರಲ್ಲಿ ಬಹಳ ಚೆನ್ನಾಗಿ ಬಂದವು, ಏಳೆಂಟು ರೀಲು ಇದರಲ್ಲೇ ಮುಗಿಸಿದೆ. ಆದರೆ ವಿನಿಗರ್ ಹಿಡಿದ ಗುಜರಿ ತುಂಡು ಹಾಕಿದ ಕೂಡಲೇ ಕರಕರ ಅಂತ ಫಿಲಂ ಅಂಚಿನ ತೂತುಗಳು ಹರಿದುಹೋದವು.

ಲೆಕ್ಕ ಸರಳ. ರೆಗ್ಯುಲರ್ 8 ಅನ್ನುವ ಈ ಹಳೆಯ ಮಾದರಿಯ 8 ಎಂಎಂನಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ 3.81 ಮಿಲಿಮೀಟರ್. ಫಿಲಂ ಒಂದೂವರೆ ಶೇಕಡಾ ಕುಗ್ಗಿದರೆ ಒಂದು ಫ್ರೇಮಿನಲ್ಲಿ ಗೊತ್ತಾಗುವುದಿಲ್ಲ, ಆದರೆ ಫಿಲಂ ಎಳೆಯುವ ಹಲ್ಲುಚಕ್ರದ (ಸ್ಪ್ರಾಕೆಟ್) ನಾಲ್ಕೈದು ಹಲ್ಲು ಒಟ್ಟಿಗೆ ಕೂರಬೇಕಾದ ಕಡೆ ಕೊನೆಯ ಹಲ್ಲು ತೂತಿನ ಅಂಚಿನ ಮೇಲೆ ಕೂರುತ್ತದೆ. ಒಣಗಿದ ಅಸಿಟೇಟ್ ಹಪ್ಪಳದ ಹಾಗೆ ಮುರಿಯುತ್ತದೆ. ಹಲ್ಲು ಅರೆದು ಸಣ್ಣ ಮಾಡಿ ಅಂದರು ಕೆಲವರು. ಲೇತ್ ಅಂಗಡಿಗೆ ಎರಡು ಸಾವಿರ ಕೊಟ್ಟು ಅದನ್ನೂ ಮಾಡಿಸಿದೆ. ಹರಿಯುವುದು ಕಡಿಮೆ ಆಯಿತು, ನಿಲ್ಲಲಿಲ್ಲ.

ಆಗ ಹೊಳೆದದ್ದು ಇದು: ತೂತು ಹಿಡಿದು ಎಳೆಯುವುದೇ ಬೇಡ. ತೂತು ನೋಡುವುದಕ್ಕೆ ಮಾತ್ರ ಇರಲಿ, ಎಳೆಯುವುದು ರಬ್ಬರ್ ರೋಲರ್ ಮಾಡಲಿ. ದೊಡ್ಡ ಲ್ಯಾಬುಗಳ ದುಬಾರಿ ಸ್ಕ್ಯಾನರುಗಳು ಹೀಗೇ ಕೆಲಸ ಮಾಡುತ್ತವೆ. ಮನೆಯಲ್ಲಿ ಆಗಲ್ಲ ಅಂತ ಹೇಳುತ್ತಿದ್ದವರು ಅದನ್ನು ಮರೆತಿದ್ದರು, ಅಷ್ಟೇ.

ನನ್ನ ಯಂತ್ರ ಹೀಗಿದೆ. ಸ್ವಲ್ಪ ಸ್ವಲ್ಪವೇ ಅಳತೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿಗೆ ಕಟ್ಟಿದ ಒಂದು ರೋಲರ್ ಫಿಲಮನ್ನು ಅಂದಾಜು ಒಂದು ಫ್ರೇಮ್ ಮುಂದಕ್ಕೆ ಎಳೆಯುತ್ತದೆ. ಸರಿಯಾಗಿ ಒಂದು ಫ್ರೇಮ್ ಆಗಬೇಕು ಅಂತೇನಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಹಾಕಿದ ಎಚ್‌ಕ್ಯೂ ಕ್ಯಾಮೆರಾ ಒಂದೂವರೆ ಫ್ರೇಮಿನಷ್ಟು ಜಾಗದ ಫೋಟೊ ತೆಗೆಯುತ್ತದೆ. ಓಪನ್‌ಸಿವಿ (ಚಿತ್ರ ವಿಶ್ಲೇಷಿಸುವ ಉಚಿತ ಸಾಫ್ಟ್‌ವೇರ್) ಬಳಸಿದ ಸಣ್ಣ ಪ್ರೋಗ್ರಾಮ್ ಅದರಲ್ಲಿ ತೂತು ಎಲ್ಲಿದೆ ಅಂತ ಹುಡುಕಿ, ಎಷ್ಟು ಹಿಂದೆ ಬಿದ್ದಿದೆ, ಎಷ್ಟು ಮುಂದೆ ಹೋಗಿದೆ ಅಂತ ನೋಡಿ ಮುಂದಿನ ಎಳೆತವನ್ನು ತಿದ್ದುತ್ತದೆ. ಫಿಲಂ ಎಷ್ಟೇ ಕುಗ್ಗಿರಲಿ, ಒಂದೊಂದು ಅಡಿಗೆ ಒಂದೊಂದು ರೀತಿ ಕುಗ್ಗಿರಲಿ, ಅದಕ್ಕೆ ಹೊಂದಿಕೊಂಡು ಹೋಗುತ್ತದೆ. ತೂತೇ ಹರಿದುಹೋದ ಕಡೆ ಹಿಂದಿನ ಹತ್ತು ಫ್ರೇಮಿನ ಸರಾಸರಿ ಹಿಡಿಯುತ್ತದೆ. ರೋಲರಿನ ಮೇಲೆ ಏನು ಸುತ್ತಿದ್ದೇನೆ, ಎಷ್ಟು ಬಿಗಿ ಇಟ್ಟಿದ್ದೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಕೂತಿದ್ದೇನೆ.

ಗೇಟಿನ ಬಗ್ಗೆ ಮಾತ್ರ ಹೇಳಲೇಬೇಕು. ಚಪ್ಪಟೆ ಗೇಟಿನಲ್ಲಿ ಮುದುಡಿದ ಫಿಲಂ ದೋಣಿಯಂತೆ ಬಾಗಿ ನಡುವೆ ಫೋಕಸ್ ಇದ್ದರೆ ಅಂಚಿನಲ್ಲಿ ಇರುವುದಿಲ್ಲ. ಗೇಟನ್ನೇ ಉದ್ದಕ್ಕೆ ಸ್ವಲ್ಪ ಬಾಗಿಸಿ ಫಿಲಂ ಅದರ ಮೇಲೆ ಹಾದುಹೋಗುವ ಹಾಗೆ ಮಾಡಿದರೆ ಅಡ್ಡಡ್ಡ ಮುದುಡಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಿತ್ತಾಳೆಯಲ್ಲಿ ಮಾಡಿಸಿದ ಮೂರನೆಯದೋ ನಾಲ್ಕನೆಯದೋ ಗೇಟು ಸರಿಹೋಯಿತು. ಬೆಳಕಿಗೆ ಒಳ್ಳೆಯ ಬಿಳಿ ಎಲ್‌ಇಡಿ, ಅದರ ಮುಂದೆ ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಸಿಗುವ ಹಾಲುಬಿಳಿ ಅಕ್ರಿಲಿಕ್ ತುಂಡು. ಲೆನ್ಸ್, ಹಳೆಯ ಸ್ಟುಡಿಯೊದವರು ಮಾರಿದ 50 ಎಂಎಂ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಫೋಟೊ ಮಾಡುವ ಯಂತ್ರದ) ಲೆನ್ಸು, ತಿರುಗಿಸಿ ಹಾಕಿದ್ದೇನೆ.

ಕೋಡಾಕ್ರೋಮ್ ತುಂಬ ಗಾಢ, ಹಾಗಾಗಿ ಪ್ರತಿ ಫ್ರೇಮಿಗೆ ಎರಡು ಎಕ್ಸ್‌ಪೋಷರ್, ಒಂದು ಕಡಿಮೆ ಬೆಳಕಿನದು, ಒಂದು ಹೆಚ್ಚಿನದು. ಫ್ರೇಮಿಗೆ ಮೂರು ಸೆಕೆಂಡು ಚಿಲ್ಲರೆ. 50 ಅಡಿಯ ರೀಲಿನಲ್ಲಿ ನಾಲ್ಕು ಸಾವಿರ ಫ್ರೇಮ್, ಅಂದರೆ ನಾಲ್ಕು ಗಂಟೆ ಹತ್ತಿರ ಕೂತು ನಾಲ್ಕು ನಿಮಿಷದ ಚಿತ್ರ. ರೀಲಿಗೆ 150 ಜಿಬಿ ಬೇಕು, 4 ಟಿಬಿ ಡಿಸ್ಕು ತುಂಬೇ ಹೋಯಿತು. ಕರೆಂಟ್ ಹೋದರೆ ಫಿಲಂ ಗೇಟಿನಲ್ಲೇ ನಿಲ್ಲುತ್ತದೆ, ಎಲ್‌ಇಡಿ ಬಿಸಿ ಇಲ್ಲ, ಏನೂ ಆಗುವುದಿಲ್ಲ. ಆದರೂ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.

ಖರ್ಚು: ಪೈ ಮತ್ತು ಕ್ಯಾಮೆರಾ ಹನ್ನೆರಡು ಹದಿಮೂರು ಸಾವಿರ, ಲೆನ್ಸ್ ಎರಡೂವರೆ, ಮೋಟಾರ್ ಮತ್ತು ಲೇತ್ ಕೆಲಸ ಐದು, ಡಿಸ್ಕು ಹತ್ತು, ಶುದ್ಧ ಮಾಡುವ ಸಾಮಾನು ಎರಡು, ಮತ್ತೆ ಚಿಲ್ಲರೆ. ಎಲ್ಲ ಸೇರಿ 35 ಸಾವಿರದ ಆಸುಪಾಸು. ಕೈಕೊಟ್ಟ ದಾರಿಗಳಿಗೆ ಇನ್ನೊಂದು ಹದಿನೈದು. ಕುಗ್ಗಿದ ಫಿಲಂ ತೆಗೆದುಕೊಳ್ಳುವ ಹೊರದೇಶದ ಲ್ಯಾಬೊಂದು ಕೇಳಿದ್ದು, ಕೊರಿಯರ್ ಸೇರಿ, ಒಂದೂಕಾಲು ಲಕ್ಷ.

ಶುದ್ಧ ಮಾಡುವಾಗ ನೀರು ಮುಟ್ಟಿಸಬೇಡಿ. ಫಂಗಸ್ ತಿಂದ ಜೆಲಟಿನ್ (ಚಿತ್ರ ಇರುವ ಪದರ) ನೀರಿಗೆ ಕರಗಿ ಚಿತ್ರವೇ ಎದ್ದು ಬರುತ್ತದೆ. ನಾನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆ ಬಟ್ಟೆ ಬಳಸಿದೆ, ಮೊದಲು ತುದಿಯಲ್ಲಿ ನೋಡಿಕೊಂಡು. ಫಿಲಂ ತುಂಡುಗಳನ್ನು ಅಂಟಿಸಿದ್ದ ಹಳೆಯ ಫಿಲಂ ಸಿಮೆಂಟಿನ ಜೋಡಣೆಗಳೆಲ್ಲ ಕೈಗೆ ಬಂದವು, ಟೇಪಿನಿಂದ ಮತ್ತೆ ಹಾಕಿದೆ. ಈ ನಡುವೆ ಕರ್ಪೂರವನ್ನೂ ನೋಡಿದೆ. ಡಬ್ಬಿಯಲ್ಲಿ ಕರ್ಪೂರ ಇಟ್ಟರೆ ಒಣಗಿದ ಫಿಲಂ ಮೆತ್ತಗಾಗುತ್ತದೆ ಅನ್ನುವುದು ಹಳಬರ ಮಾತು. ಗುಜರಿ ರೀಲಿನ ಜೊತೆ ಮೂರು ವಾರ ಇಟ್ಟೆ. ನಿಜಕ್ಕೂ ಸ್ವಲ್ಪ ಬಳುಕುವ ಹಾಗಾಯಿತು, ಹೊರಗೆ ತೆಗೆದು ನಾಲ್ಕು ದಿನಕ್ಕೆ ಮತ್ತೆ ಮೊದಲಿನ ಹಾಗೇ. ತೀರಾ ಬಿಗಿದುಕೊಂಡ ಒಂದು ರೀಲು ಬಿಡಿಸಲು ಉಪಯೋಗ ಆಯಿತು. ಕುಗ್ಗಿದ್ದನ್ನು ಅದು ಹಿಗ್ಗಿಸುವುದಿಲ್ಲ.

ಈಗ ಚಿತ್ರಗಳಲ್ಲಿ ಏನಿದೆ ಅಂತ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಆಯುಧಪೂಜೆಯ ದಿನ ಸಾಲಾಗಿ ನಿಂತ ಹೆರಾಲ್ಡುಗಳು, ಬಾಗಿಲಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು, ಒಡೆದ ಬೂದುಗುಂಬಳದಲ್ಲಿ ಕುಂಕುಮ. ಕಾರು ಕೊಳ್ಳಲು ಬಂದ ಕೊಡಗಿನ ಪ್ಲಾಂಟರುಗಳು. ಹೆರಾಲ್ಡಿನ ಮುಂಭಾಗ ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದಲ್ಲ, ತಾತ ಅದನ್ನು ಎತ್ತಿ ತೋರಿಸುವುದನ್ನು ಬೇರೆ ಬೇರೆ ರೀಲಿನಲ್ಲಿ ಮತ್ತೆ ಮತ್ತೆ ತೆಗೆಸಿಕೊಂಡಿದ್ದಾರೆ. ಅದು ಅವರ ಮಾರಾಟದ ಜಾಣ್ಮೆ.

ಇಸವಿ ಹಿಡಿಯುವುದೇ ಒಂದು ಆಟ. ಕೋಡಕ್ ಫಿಲಮಿನ ಅಂಚಿನಲ್ಲಿ ಚೌಕ, ತ್ರಿಕೋನದಂಥ ವರ್ಷದ ಗುರುತು ಇರುತ್ತದೆ, 20 ವರ್ಷಕ್ಕೊಮ್ಮೆ ಅದೇ ಗುರುತು ಮತ್ತೆ ಬರುತ್ತದೆ. ಇಲ್ಲಿ ಹೆರಾಲ್ಡ್ ಬಂದದ್ದೇ 61ರಲ್ಲಿ, ಹಾಗಾಗಿ ಗೊಂದಲವಿಲ್ಲ. ಆದರೆ ಅದು ಫಿಲಂ ತಯಾರಾದ ವರ್ಷ, ತೆಗೆದ ವರ್ಷ ಅಲ್ಲ. ಎರಡು ಬಾಗಿಲಿನ ಕಾರು ಮಾತ್ರ ಇದ್ದರೆ ಮೊದಲಿನದು, ನಾಲ್ಕು ಬಾಗಿಲಿನದು ಕಂಡರೆ ಅರವತ್ತರ ದಶಕದ ಕೊನೆ. ಒಂದು ರೀಲಿನಲ್ಲಿ ದಸರಾ ಅಂಬಾರಿಯ ಮೇಲೆ ಮಹಾರಾಜರೇ ಕೂತಿದ್ದಾರೆ, ಅದು ಎಪ್ಪತ್ತರ ದಶಕಕ್ಕೂ ಮುಂಚಿನದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆಗಿನ ವರ್ಕ್‌ಶಾಪಿನ ಮೇಸ್ತ್ರಿಗಳು. ಎಂಬತ್ತು ದಾಟಿದೆ, ಕಣ್ಣು ಚುರುಕು. ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಪಕ್ಕದಲ್ಲಿ ರೆಕಾರ್ಡರ್ ಇಟ್ಟೆ. ಜಾಕ್ ಹಾಕಿ ಎತ್ತಿದ ಕಾರಿನ ಹಿಂದಿನ ಚಕ್ರಗಳು ಒಳಗೆ ಮಡಚಿಕೊಂಡಂತೆ ಕಾಣುವ ಒಂದು ದೃಶ್ಯ ಇದೆ, ನಾನು ಫಿಲಂ ಬಾಗಿದೆ ಅಂದುಕೊಂಡಿದ್ದೆ. "ಅಲ್ಲಪ್ಪ, ಅದು ಸ್ವಿಂಗ್ ಆಕ್ಸಲ್ಲು. ಹಿಂದುಗಡೆ ಅಡ್ಡಲಾಗಿ ಒಂದೇ ಪ್ಲೇಟ್ ಸೆಟ್ಟು. ಗಾಡಿ ಎತ್ತಿದರೆ ಚಕ್ರ ಹಂಗೇ ಮಡಚ್ಕೋತವೆ. ನಮ್ ರೋಡಿಗೆ ಅದು ಆಗ್ತಿರಲಿಲ್ಲ" ಅಂದರು. ಆಮೇಲೆ ಬಂದ ಗೆಜೆಲ್ ಕಾರಿನಲ್ಲಿ ಕಂಪನಿಯವರು ಅದನ್ನು ತೆಗೆದು ಗಟ್ಟಿ ಆಕ್ಸಲ್ ಹಾಕಿದ್ದನ್ನೂ ಅವರೇ ಹೇಳಿದರು. ಮೂಕಿ ಚಿತ್ರಕ್ಕೆ ಈಗ ಅವರ ದನಿಯನ್ನೇ ಜೋಡಿಸಿದ್ದೇನೆ.

ಎಐ ಹಾಕಿ 4ಕೆ ಮಾಡಿ, 60 ಫ್ರೇಮ್ ಮಾಡಿ ಅಂತ ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಒಂದು ಸಲ ನೋಡಿದೆ, ಮಸುಕಾಗಿದ್ದ ನಂಬರ್ ಪ್ಲೇಟಿನಲ್ಲಿ ಅದು ಇಲ್ಲದ ಅಕ್ಷರ ಬರೆಯಿತು, ತಾತನಿಗೆ ಬೇರೆ ಯಾರದೋ ಮೂಗು ಕೊಟ್ಟಿತು. ಧೂಳು ತೆಗೆಯುತ್ತೇನೆ, ಅಲುಗಾಟ ನಿಲ್ಲಿಸುತ್ತೇನೆ, ಬಣ್ಣ ಸರಿ ಮಾಡುತ್ತೇನೆ, ವೇಗ 16ರಲ್ಲೇ ಇಡುತ್ತೇನೆ. ಅಷ್ಟು ಸಾಕು. ಕಳೆದ ಯುಗಾದಿಗೆ ಟಿವಿಯಲ್ಲಿ ಹಾಕಿದಾಗ ದೊಡ್ಡಪ್ಪ ಒಂದು ರೀಲನ್ನು ಮೂರು ಸಲ ಹಾಕಿಸಿದರು, ಉಳಿದದ್ದಕ್ಕೆ ಡಿಸ್ಕ್ ನಾನು ಕೊಡಿಸ್ತೀನಿ ಅಂದರು.

ಮೂಲ ರೀಲುಗಳನ್ನು ತುಕ್ಕು ಡಬ್ಬಿಯಿಂದ ತೆಗೆದು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತಂಪಾಗಿರುವ ಒಣ ಜಾಗದಲ್ಲಿ ಇಟ್ಟಿದ್ದೇನೆ. ವಿನಿಗರ್ ಹಿಡಿದವನ್ನು ಬೇರೆಯಾಗಿ ಇಡಿ, ಆ ಹಬೆ ಪಕ್ಕದ ಒಳ್ಳೆಯ ರೀಲನ್ನೂ ಕೆಡಿಸುತ್ತದೆ. ಉಳಿದ ಎರಡು ರೀಲು ಇಟ್ಟಿಗೆಯಂತೆ ಗಟ್ಟಿಯಾಗಿವೆ, ಒಂದರ ಮೇಲೆ ತಾತನ ಕೈಬರಹದಲ್ಲಿ "ಮದ್ರಾಸ್ ಫ್ಯಾಕ್ಟರಿ" ಅಂತಿದೆ. ಅದನ್ನು ಬಿಡಿಸಿದ ಅನುಭವ ಯಾರಿಗಾದರೂ ಇದ್ದರೆ ಹೇಳಿ, ನನ್ನ ಗೇಟಿನ ಅಳತೆ ಬೇಕಿದ್ದವರಿಗೆ ಕೊಡುತ್ತೇನೆ.