ಹಾಡುವ ರಾಜನಿಗೆ ಅಂಗಿ ಹೊಲಿಯುವುದು

ವಿಜಯನಗರ ಕಾಲದ ಸಂಗೀತ ನಾಟಕಕ್ಕೆ ವೇಷ ಮಾಡ್ತೀರಾ? ಮೊದಲು ಲೇಪಾಕ್ಷಿಯ 16ನೇ ಶತಮಾನದ ಚಿತ್ರಗಳನ್ನು ನೋಡಿ. ಗಂಡಸರ ತಲೆಗೆ ಕುಳ್ಳಾಯಿ ಎಂಬ ಉದ್ದನೆಯ ಟೋಪಿ, ಮೈಗೆ ಕಬಾಯಿ ಎಂಬ ನಿಲುವಂಗಿ. ಮಿರಮಿರ ಕಿರೀಟವೇ ಬೇಕೆಂದಿಲ್ಲ.

ಅಳತೆಯೇ ಮುಖ್ಯ. ನಟ ಪೂರ್ತಿ ಉಸಿರು ಎಳೆದುಕೊಂಡ ಮೇಲೆ ಎದೆಗೆ ಟೇಪು ಸುತ್ತಿ, ಇನ್ನೆರಡು ಇಂಚು ಜಾಸ್ತಿ ಬಿಡಿ. ಶಿರಸಿಯಲ್ಲಿ ಒಮ್ಮೆ ನಾನು ಸುಮ್ನೆ ನಿಂತವರ ಅಳತೆ ತೆಗೆದು ಹೊಲಿದಿದ್ದೆ. ರಾಜ ತಾರಸ್ಥಾಯಿಗೆ ಏರಿದ್ದೇ ತಡ, ಬಗಲಿನ ಹೊಲಿಗೆ ಪರ್ರ್ ಅಂತ ಬಿಚ್ಚಿತು!

ಕಾರವಾರದ ಸೆಕೆಗೆ ವೆಲ್ವೆಟ್ ಬೇಡ್ವೇ ಬೇಡ. ಹತ್ತಿ ಬಟ್ಟೆಗೆ ಹಳೆ ಸೀರೆಯ ಜರಿ ಅಂಚು ಹೊಲಿದರೆ ದೂರದಿಂದ ರೇಷ್ಮೆಯೇ ಅಲ್ವಾ? ಬೇಗ ವೇಷ ಬದಲಿಸಲು ಪ್ರೆಸ್ ಬಟನ್ ಹಾಕಿ, ವೆಲ್ಕ್ರೋ ಕಿತ್ತ ಸದ್ದು ಮೈಕಿಗೆ ಸಿಗುತ್ತದೆ. ಕುಳ್ಳಾಯಿ ಕಿವಿ ಮುಚ್ಚಬಾರದು, ಹಾರ್ಮೋನಿಯಂ ಕೇಳದಿದ್ದರೆ ಶ್ರುತಿ ತಪ್ಪುತ್ತದೆ.