ದೊಡ್ಡಮ್ಮನ ಪಿಂಚಣಿ: ಅರ್ಜಿಗಿಂತ ಮುಂಚೆ ಪಹಣಿ ನೋಡಿ

ಕಳೆದ ಮಳೆಗಾಲದಲ್ಲಿ ದೊಡ್ಡಮ್ಮನನ್ನು ಕರೆದುಕೊಂಡು ನಾಡಕಚೇರಿಗೆ ಮೂರು ಸಲ ಹೋದೆ. ಒಮ್ಮೆ ಪಹಣಿ ಅಡ್ಡ ಬಂತು, ಇನ್ನೊಮ್ಮೆ ಆಧಾರ್‌ನಲ್ಲಿದ್ದ ಹೆಸರು. ಮೂರನೇ ಸಲ ಕರೆಂಟೇ ಇರಲಿಲ್ಲ. ಅರ್ಜಿ ಹಾಕುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚಿನದ್ದೇ ನಿಜವಾದ ಕೆಲಸ.

ಯಾವ ಪಿಂಚಣಿ?

65 ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ ₹1,200. ಸಣ್ಣ ರೈತರು, ಕೃಷಿ ಕೂಲಿಯವರು, ನೇಕಾರರು, ಅಸಂಘಟಿತ ಕಾರ್ಮಿಕರು ಇದರ ವ್ಯಾಪ್ತಿಗೆ ಬರುತ್ತಾರೆ. ಬಿಪಿಎಲ್ ಕುಟುಂಬದವರಾದರೆ 60ಕ್ಕೇ ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಬಹುದು. ಈ ವೇತನದಲ್ಲಿ ಕೇಂದ್ರದ ಪಾಲು 79 ವಯಸ್ಸಿನವರೆಗೆ ₹200, 80 ಆದ ಮೇಲೆ ₹500. ಉಳಿದದ್ದನ್ನು ರಾಜ್ಯ ಹಾಕುತ್ತದೆ. ಆ ₹200 2007ರಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಅಷ್ಟರಲ್ಲಿ ಕಾಫಿ ಬೆಲೆ ಎಷ್ಟು ಸಲ ಏರಿ ಇಳಿಯಿತೋ!

ಎರಡರಲ್ಲಿ ಒಂದೇ ಸಿಗುವುದು. ಬೇರೆ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಎಸ್ಟೇಟಿನಲ್ಲಿ ದುಡಿದು ಪಿಎಫ್ ಪಿಂಚಣಿ ಪಡೆಯುವವರು ಇಲ್ಲೇ ಎಡವುತ್ತಾರೆ. ಗಂಡ ಹೆಂಡತಿ ಇಬ್ಬರ ಠೇವಣಿ ಸೇರಿ ₹10,000 ಮೀರಬಾರದು ಎಂಬ ಷರತ್ತೂ ಇದೆ. ಅಂತ್ಯಕ್ರಿಯೆಗೆಂದು ಬದಿಗಿಟ್ಟ ದುಡ್ಡೇ ಅದನ್ನು ಮೀರುತ್ತದೆ ಅನ್ನಿ. ಬೆಂಗಳೂರಿನಲ್ಲಿ ಮಗ ಇದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ, ಅವನು ಸಾಕುತ್ತಿದ್ದಾನೆಯೇ ಎಂಬುದು ಪ್ರಶ್ನೆ.

ಪಹಣಿ ಮತ್ತು ವಯಸ್ಸು

ಕೊಡಗಿನ ಪಹಣಿ ನೋಡಿದರೆ ಇಲ್ಲಿ ಬಡವರೇ ಇಲ್ಲ. ಜಮ್ಮಾ ಜಾಗಕ್ಕೆ, ಅಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿದ ಭೂಮಿಗೆ, ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು, ಜೊತೆಗೆ ಕುಟುಂಬದವರ ಉದ್ದನೆಯ ಸಾಲು. ನಮ್ಮ ದೊಡ್ಡಮ್ಮನ ಕೈಗೆ ವರ್ಷಕ್ಕೆ ಎರಡು ಚೀಲ ಕಾಫಿಯೂ ಬರುವುದಿಲ್ಲ. ಪಹಣಿಯಲ್ಲಿ ಮಾತ್ರ ಹದಿನೆಂಟು ಎಕರೆ! ಹಾಗಾಗಿ ಮೊದಲು ವಂಶವೃಕ್ಷ ಮಾಡಿಸಿ. ಯಾವ ತುಂಡಿನಲ್ಲಿ ಯಾರು ಕೃಷಿ ಮಾಡುತ್ತಿದ್ದಾರೆ, ಇವರ ಪಾಲೆಷ್ಟು ಎಂದು ಗ್ರಾಮ ಆಡಳಿತಾಧಿಕಾರಿಗೆ ತೋರಿಸಿ, ಆಮೇಲೆ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಆ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಸ್ಥಳ ಪರಿಶೀಲನೆಗೆ ಬರುವ ದಿನ ಮನೆಯಲ್ಲಿ ವಿಷಯ ಗೊತ್ತಿರುವ ಒಬ್ಬರು ಇರಬೇಕು. ಅಜ್ಜಿಯಂದಿರು ಮರ್ಯಾದೆಗೆ ಅಂಜಿ 'ನಮಗೇನೂ ಕಮ್ಮಿ ಇಲ್ಲಪ್ಪ' ಅಂದುಬಿಡುತ್ತಾರೆ.

ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ಕಷ್ಟ ಬೇರೆ. ಎರವ, ಜೇನುಕುರುಬ ಬುಡಕಟ್ಟುಗಳ ಹಿರಿಯರಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಯಾರು? ಮತದಾರರ ಚೀಟಿ, ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ. ಏನೂ ಇಲ್ಲದಿದ್ದರೆ ಸರ್ಕಾರಿ ವೈದ್ಯರಿಂದ ವಯಸ್ಸಿನ ದೃಢೀಕರಣ ಕೇಳಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ.

ಅರ್ಜಿಯನ್ನು ನಾಡಕಚೇರಿಯಲ್ಲೇ ಕೊಡಿ. ಸ್ವೀಕೃತಿ ಚೀಟಿ ಇಲ್ಲದೆ ಕೌಂಟರ್ ಬಿಡಬೇಡಿ.

ದುಡ್ಡು ಎಲ್ಲಿ ಹೋಯಿತು?

ಮಂಜೂರಾತಿ ಆದೇಶ ಬಂದು ಆರು ತಿಂಗಳಾದರೂ ದೊಡ್ಡಮ್ಮನ ಪಾಸ್‌ಬುಕ್‌ನಲ್ಲಿ ಒಂದು ಸಾಲು ಬಿದ್ದಿರಲಿಲ್ಲ. ಪ್ರಿಂಟ್ ಹಾಕಿಸಿದಾಗಲೆಲ್ಲ ಮಷೀನಿನಿಂದ ಹಾಗೇ ಹೊರಬರುತ್ತಿತ್ತು. ಕೊನೆಗೆ ನೋಡಿದರೆ ₹7,200 ಇನ್ನೊಂದು ಬ್ಯಾಂಕಿನಲ್ಲಿ ಕೂತಿದೆ, ಗ್ಯಾಸ್ ಸಬ್ಸಿಡಿಗೆಂದು ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ. ನೇರ ವರ್ಗಾವಣೆಯ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಅನ್ನುವಂತಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಮೈಆಧಾರ್ ಜಾಲತಾಣದ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್'ನಲ್ಲಿ ಅದು ಯಾವ ಬ್ಯಾಂಕ್ ಎಂದು ಕಾಣುತ್ತದೆ. ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ.

ಮಕ್ಕಳು ಕೈಬಿಟ್ಟರೆ

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕೊಡಗಿನವರಿಗೆ ಅದು ಮಡಿಕೇರಿಯಲ್ಲಿ. ಕೈಲಾಗದವರ ಪರವಾಗಿ ಅವರು ಒಪ್ಪಿದ ಇನ್ನೊಬ್ಬರು ಅಥವಾ ಸಂಸ್ಥೆಯೂ ಕೊಡಬಹುದು. ತಿಂಗಳಿಗೆ ₹10,000ದವರೆಗೆ ಜೀವನಾಂಶಕ್ಕೆ ಆದೇಶವಾಗುತ್ತದೆ. ನೋಟಿಸ್ ತಲುಪಿದ 90 ದಿನಗಳೊಳಗೆ ಪ್ರಕರಣ ಮುಗಿಯಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಆದೇಶ ಒಪ್ಪಿಗೆಯಾಗದ ಹಿರಿಯರು 60 ದಿನಗಳಲ್ಲಿ ಮೇಲ್ಮನವಿ ಹಾಕಬಹುದು. ಮಕ್ಕಳಿಲ್ಲದವರಿಗೂ ದಾರಿಯಿದೆ: ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಯನ್ನೇ ಕೇಳಬಹುದು.

ದಾನಪತ್ರದ ವಿಷಯದಲ್ಲಂತೂ ಎಚ್ಚರ. ತೋಟ ಮಗನ ಹೆಸರಿಗೆ ಮಾಡಿಕೊಟ್ಟ ಮೇಲೆ ಹಿಂದಿನ ಕೋಣೆಗೆ ಸರಿಸಲ್ಪಟ್ಟವರನ್ನು ನಾನು ಕಂಡಿದ್ದೇನೆ. ಕಾಯ್ದೆಯ 23ನೇ ಕಲಮಿನಡಿ ಅಂಥ ದಾನವನ್ನು ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟದ್ದು ಎಂದು ತೋರಿಸಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಈ ವಿಚಾರದಲ್ಲಿ ಬಿಗಿಯಾಗಿತ್ತು, 2025ರ ಜನವರಿಯ ತೀರ್ಪಿನಲ್ಲಿ ಹಿರಿಯರ ಪರವಾಗಿ ಉದಾರವಾಗಿ ಓದಿತು. ತೀರ್ಪು ನಂಬಿ ಕೂರುವುದಕ್ಕಿಂತ ಪತ್ರದಲ್ಲೇ ಬರೆಸಿ: 'ಜೀವ ಇರುವವರೆಗೆ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದು.' ಪತ್ರ ಬರೆಯುವವರು 'ಮನೆಯವರ ನಡುವೆ ಇದೆಲ್ಲ ಯಾಕೆ' ಅನ್ನಬಹುದು. ಅನ್ನಲಿ.

ಇನ್ನೆರಡು

ಕನ್ನಡಕ, ಕಿವಿಯಂತ್ರ, ಊರುಗೋಲು ಬೇಕಾದ ಬಿಪಿಎಲ್ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆಯಿದೆ. ಶಿಬಿರ ಯಾವಾಗ ಎಂದು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಮನೆಯಲ್ಲಿ ಹಿಂಸೆ ಇದ್ದರೆ, ಅಥವಾ ಯಾವ ಕಚೇರಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ, ಶುಲ್ಕವಿಲ್ಲ. ದೊಡ್ಡಮ್ಮ ಆ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆಸಿಕೊಂಡಿದ್ದಾರೆ, ಗ್ಯಾಸ್ ಬುಕಿಂಗ್ ನಂಬರಿನ ಪಕ್ಕದಲ್ಲೇ.